ಭೂಮಾಪನದಲ್ಲಿ ಉತ್ತರದಿಕ್ಕಿನ ನಿರ್ಣಯ

ನೆಲವನ್ನು ಅಳೆಯುವವನಿಗೆ ಮೊದಲು ಬೇಕಾದುವು ಎರಡು: ಉದ್ದವನ್ನು ಗೊತ್ತುಮಾಡುವ ಒಂದು ಮಾನ, ದಿಕ್ಕನ್ನು ಗೊತ್ತುಮಾಡುವ ಒಂದು ರೇಖೆ. ಇವುಗಳಲ್ಲಿ ಮೊದಲನೆಯದನ್ನು ಕುರಿತು ಕನ್ನಡ ಶಾಸನಗಳ ಅಭ್ಯಾಸಿಗಳು ಸಾಕಷ್ಟು ವಿಚಾರ ನಡೆಯಿಸಿದ್ದಾರೆ. ಗಳೆ, ಕೋಲು, ಮತ್ತರು, ಕಮ್ಮ ಮೊದಲಾದ ಮಾನಗಳ ಹೆಸರುಗಳೂ, ಬಳ್ಳಿಗಾವೆಯ ಭೇರುಂಡಗಳೆಯಂತಹ ಸ್ಥಳವಿಶೇಷದ ಅಳತೆಗೋಲುಗಳೂ ವಿದ್ವಾಂಸರಿಗೆ ಸುಪರಿಚಿತವಾಗಿವೆ. ಎರಡನೆಯದಾದ ದಿಕ್ಕಿನ ವಿಷಯವಾದರೋ ಅಷ್ಟಾಗಿ ಚರ್ಚೆಗೆ ಬಂದುದಲ್ಲ. ಸೂರ್ಯನು ಹುಟ್ಟುವ ಕಡೆಯನ್ನು ಮೂಡಲೆಂದೂ, ಸೂಜಿಗಲ್ಲಿನ ಮುಳ್ಳು ತೋರಿಸುವ ಕಡೆಯನ್ನು ಬಡಗಲೆಂದೂ ಸಾಮಾನ್ಯವಾಗಿ ತಿಳಿದುಬಿಡುವುದುಂಟು. ಇವೆರಡೂ ಸ್ಥೂಲವಾಗಿ ಮಾತ್ರ ಸತ್ಯ. ನಿಜವಾದ ಉತ್ತರವನ್ನು ಕಂಡುಹಿಡಿಯುವುದು ಒಂದು ಶಾಸ್ತ್ರ. ಅದಕ್ಕೆ ವೇದಾಂಗಗಳ ಕಾಲದಿಂದ ಇಂದಿನವರೆಗೆ ಅವಿಚ್ಛಿನ್ನವಾದ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಮುಖ್ಯಘಟ್ಟಗಳಲ್ಲೊಂದು ಮೈಸೂರು ಸೀಮೆಯಲ್ಲಿಯೇ ನಡೆದುದರಿಂದ, ವಿಷಯವು ಕನ್ನಡಿಗರ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ.

೧. ದಿಕ್ಕುಗಳ ಹೆಸರುಗಳು

ಕನ್ನಡದ ದಿಗ್ವಾಚಕಗಳಲ್ಲಿ ಮೂಡು, ಪಡು ಎಂಬ ಎರಡು ಶಬ್ದಗಳು ಸೂರ್ಯನ ಉದಯಾಸ್ತಗಳಿಂದ ಹುಟ್ಟಿದುವು. ಮೂಡುವ ಕಡೆ ಮೂಡಲು. ಪಡುವ, ಎಂದರೆ ಬೀಳುವ, ಕಡೆ ಪಡುವಲು. ತಮಿಳಿನಲ್ಲಿ ಈ ಎರಡು ದಿಕ್ಕುಗಳಿಗೆ ಕೀೞ್, ಮೇಲ್ ಎಂಬ, ತಗ್ಗು ಉಬ್ಬುಗಳನ್ನು ಸೂಚಿಸುವ ಧಾತುಗಳಿಂದ ಹೆಸರು ಬಂದಿದೆ. ಪಶ್ಚಿಮದಲ್ಲಿ ಬೆಟ್ಟದ ಸಾಲನ್ನೂ ಪೂರ್ವದಲ್ಲಿ ಕಡಲತಡಿಯ ಬಯಲನ್ನೂ ಉಳ್ಳ ನಾಡಿಗೆ ಅಂತಹ ಹೆಸರುಗಳು ಸಹಜವೇ ಸರಿ. ಕನ್ನಡದ ಹೆಸರುಗಳು ನೆಲವನ್ನು ನೋಡದೆ ಆಕಾಶವನ್ನು ನೋಡಿದುವು. ತೆಂಕು, ಬಡಗು ಎಂಬುವಾದರೋ ತಮಿಳಿನ ತೆರ್ಕು, ವಡಕ್ಕು ಎಂಬುವುಗಳೊಡನೆ ಸಂಬಂಧವುಳ್ಳ ಪ್ರಾಚೀನ ದ್ರಾವಿಡ ಶಬ್ದಗಳು.

ಮೂಡು ಪಡುಗಳಿಗೆ ಸೂರ್ಯನಿಂದ ಹೆಸರು ಬಂದುದಾದರೂ, ಅವನು ಪ್ರತಿದಿನವೂ ಒಂದೇ ಸ್ಥಳದಲ್ಲಿ ಹುಟ್ಟುವುದಿಲ್ಲ. ಬೆಂಗಳೂರಿನ ಅಕ್ಷಾಂಶವಾದ ೧೩ ಅಂಶಗಳಲ್ಲಿ ಉತ್ತರಾಯಣದ ಕೊನೆಗೆ ಸೂರ್ಯನು ನಿಜವಾದ ಪೂರ್ವದಿಂದ ಸುಮಾರು ೨೪ ಅಂಶಗಳಷ್ಟು ಬಡಗಲಿಗೂ, ದಕ್ಷಿಣಾಯನದ ಕೊನೆಗೆ ಅಷ್ಟೇ ತೆಂಕಲಿಗೂ ಸರಿದು ಮೂಡುತ್ತಾನೆ. ಎರಡು ವಿಷುವಗಳಂದು ಮಾತ್ರ ಅವನ ಉದಯಸ್ಥಾನವೂ ನಿಜವಾದ ಪೂರ್ವವೂ ಒಂದಾಗುವುವು. ಆದುದರಿಂದ ಕೇವಲ ಉದಯವನ್ನು ನೋಡಿ ದಿಕ್ಕನ್ನು ನಿರ್ಣಯಿಸಿದವನು ಋತುವಿಗೆ ತಕ್ಕಂತೆ ಬೇರೆ ಬೇರೆ ಪೂರ್ವಗಳನ್ನು ಕಾಣುವನು.

ಶಾಸನಗಳಲ್ಲಿ ದತ್ತಿಭೂಮಿಯ ಎಲ್ಲೆಯನ್ನು ಹೇಳುವಾಗ ಮೂಡಲಿನಿಂದ ಆರಂಭಿಸಿ, ಆಗ್ನೇಯ, ತೆಂಕಲು, ನೈಋತ್ಯ ಎಂಬ ಕ್ರಮದಲ್ಲಿ ಬಲವಾಗಿ ಸುತ್ತಿ ಈಶಾನ್ಯದಲ್ಲಿ ಮುಗಿಸುವ ಪದ್ಧತಿಯನ್ನು ಅನೇಕ ಕಡೆ ಕಾಣಬಹುದು. ಅಲ್ಲಿ ಒಂದೊಂದು ದಿಕ್ಕಿಗೂ ಒಂದು ನಟ್ಟ ಕಲ್ಲು, ಹುತ್ತ, ಮರ, ಹಳ್ಳ, ಕೆರೆಯ ಕೋಡಿ ಮುಂತಾದ ಗುರುತು ಹೇಳಲ್ಪಟ್ಟಿರುತ್ತದೆ. ಎಲ್ಲೆಯನ್ನು ಕಾಯುವುದು ಈ ಗುರುತೇ ಹೊರತು ದಿಕ್ಕಲ್ಲ. ಎಂಟು ದಿಕ್ಕುಗಳೊಳಗೆ ಒಂದರಿಂದ ಇನ್ನೊಂದಕ್ಕೆ ೪೫ ಅಂಶಗಳ ಅಂತರವಿರುವುದರಿಂದ, ಹತ್ತು ಅಂಶಗಳ ತಪ್ಪಿದ್ದರೂ ಕಲ್ಲು ಈಶಾನ್ಯದ ಕಲ್ಲಾಗಿಯೇ ಉಳಿಯುವುದು. ವಿಸ್ತೀರ್ಣದ ಗಣಿತಕ್ಕೂ ಉತ್ತರದ ಜ್ಞಾನ ಬೇಡ. ಹೊಲದ ಉದ್ದಗಲಗಳೂ ಮೂಲೆಗಳ ಸಮಕೋನವೂ ತಿಳಿದರೆ ಸಾಕು. ಹೀಗೆ ಒಂದು ಹೊಲವನ್ನು ಅಥವಾ ಒಂದು ಊರನ್ನು ತನ್ನಷ್ಟಕ್ಕೆ ಅಳೆಯುವ ತನಕ ಸೂಕ್ಷ್ಮವಾದ ದಿಕ್ಸಾಧನೆಗೆ ಪ್ರಯೋಜನವೇ ಇಲ್ಲ. ಅದರ ಪ್ರಯೋಜನ ಕಾಣಬರುವುದು ಎರಡು ಸಂದರ್ಭಗಳಲ್ಲಿ: ಯಜ್ಞವೇದಿಯನ್ನೋ ದೇವಾಲಯವನ್ನೋ ವಿಧ್ಯುಕ್ತವಾಗಿ ಕಟ್ಟುವಾಗ, ಊರನ್ನು ಊರಿಗೆ, ಸೀಮೆಯನ್ನು ಸೀಮೆಗೆ ಕೂಡಿಸಿ ನಾಡಿನ ಪಟವನ್ನು ಬರೆಯುವಾಗ. ಮೊದಲನೆಯದಕ್ಕಾಗಿ ಹುಟ್ಟಿದುದು ಶಂಕುವಿನ ಪದ್ಧತಿ. ಎರಡನೆಯದಕ್ಕಾಗಿ ಬಂದುದು ಥಿಯೊಡೊಲೈಟಿನ ಪದ್ಧತಿ.

೨. ಶಂಕುವಿನ ಪದ್ಧತಿ

ಕಾತ್ಯಾಯನ ಶುಲ್ಬಸೂತ್ರದಲ್ಲಿ ಹೇಳಿರುವ ಕ್ರಮವು ಅತ್ಯಂತ ಸರಳವಾದುದು. ಸಮವಾದ ನೆಲದಲ್ಲಿ ಒಂದು ಶಂಕುವನ್ನು, ಎಂದರೆ ಗೂಟವನ್ನು, ನೆಡಬೇಕು. ಅದರ ಉದ್ದದಷ್ಟು ಹಗ್ಗವನ್ನು ತೆಗೆದುಕೊಂಡು, ಶಂಕುವನ್ನು ಕೇಂದ್ರವಾಗಿ ಮಾಡಿ, ನೆಲದ ಮೇಲೆ ವೃತ್ತವನ್ನು ಎಳೆಯಬೇಕು. ಬೆಳಗ್ಗೆ ಶಂಕುವಿನ ನೆರಳು ಉದ್ದವಾಗಿದ್ದು ಕ್ರಮೇಣ ಕುಗ್ಗುತ್ತ ಬಂದು, ಅದರ ತುದಿಯು ವೃತ್ತವನ್ನು ಪಶ್ಚಿಮಭಾಗದಲ್ಲಿ ಮುಟ್ಟುತ್ತದೆ. ಮಧ್ಯಾಹ್ನ ಕಳೆದ ಮೇಲೆ ನೆರಳು ಬೆಳೆಯುತ್ತ ಹೋಗಿ, ಪೂರ್ವಭಾಗದಲ್ಲಿ ವೃತ್ತವನ್ನು ಮತ್ತೆ ಮುಟ್ಟುತ್ತದೆ. ಈ ಎರಡು ಬಿಂದುಗಳನ್ನು ಕೂಡಿಸುವ ರೇಖೆಯೇ ಪ್ರಾಚೀರೇಖೆ, ಎಂದರೆ ಪೂರ್ವಪಶ್ಚಿಮರೇಖೆ. ಅನಂತರ ಎರಡು ಬಿಂದುಗಳಲ್ಲಿಯೂ ಗೂಟಗಳನ್ನು ನೆಟ್ಟು, ಹಗ್ಗದ ಎರಡು ಕೊನೆಗಳನ್ನು ಅವುಗಳಿಗೆ ತೊಡಿಸಿ, ಅದರ ನಡುವನ್ನು ಹಿಡಿದು ದಕ್ಷಿಣಕ್ಕೊಮ್ಮೆ ಉತ್ತರಕ್ಕೊಮ್ಮೆ ಎಳೆದರೆ ಉತ್ತರದಕ್ಷಿಣರೇಖೆಯು ದೊರೆಯುತ್ತದೆ.

ಇದರ ಯುಕ್ತಿಯು ಸ್ಪಷ್ಟವಾಗಿದೆ. ಸೂರ್ಯನು ಮಧ್ಯಾಹ್ನಕ್ಕೆ ಮುಂಚೆ ಯಾವ ಎತ್ತರದಲ್ಲಿದ್ದನೋ ಮಧ್ಯಾಹ್ನದ ಮೇಲೆ ಅದೇ ಎತ್ತರಕ್ಕೆ ಬಂದಾಗ, ಯಾಮ್ಯೋತ್ತರರೇಖೆಯಿಂದ ಎರಡು ಕಡೆಗೂ ಸಮದೂರದಲ್ಲಿರುತ್ತಾನೆ; ನೆರಳುಗಳು ಸಮನಾಗಿರುವುದೇ ಎತ್ತರವು ಸಮನೆಂಬುದಕ್ಕೆ ಸಾಕ್ಷಿ. ಗಡಿಯಾರ ಬೇಡ, ಅಕ್ಷಾಂಶದ ಜ್ಞಾನ ಬೇಡ, ಪಂಚಾಂಗವೂ ಬೇಡ. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರದಲ್ಲಿ ಇದೇ ಕ್ರಮವು ಹೆಚ್ಚು ಸಂಸ್ಕಾರಗೊಂಡಿದೆ. ನೀರಿನಿಂದ ಮಟ್ಟಮಾಡಿದ ಕಲ್ಲಿನ ಮೇಲೆ ಅಥವಾ ಗಾರೆಯ ನೆಲದ ಮೇಲೆ ವೃತ್ತವನ್ನು ಬರೆದು, ೧೨ ಅಂಗುಲದ ಶಂಕುವನ್ನು ನಿಲ್ಲಿಸಬೇಕೆಂದು ಅಲ್ಲಿ ವಿಧಿಸಲ್ಪಟ್ಟಿದೆ. ಹಗ್ಗದ ಬದಲಾಗಿ ಎರಡು ಬಿಂದುಗಳಿಂದ ಎಳೆದ ವೃತ್ತಖಂಡಗಳು ಮೀನಿನ ಆಕಾರದಲ್ಲಿ ಕೂಡುವುವು; ಆ ಮತ್ಸ್ಯದ ತಲೆಯಿಂದ ಬಾಲಕ್ಕೆ ಎಳೆದ ಗೆರೆಯು ಉತ್ತರದಕ್ಷಿಣರೇಖೆ. ಶಿಲ್ಪಶಾಸ್ತ್ರಗಳೂ ಇದನ್ನೇ ಅಂಗೀಕರಿಸಿದುವು. ಮಯಮತದ ದಿಕ್ಪರಿಚ್ಛೇದವೆಂಬ ಆರನೆಯ ಅಧ್ಯಾಯವೂ, ಮಾನಸಾರದ ಶಂಕುಸ್ಥಾಪನವಿಧಾನವೂ ಈ ವಿಷಯಕ್ಕೇ ಮೀಸಲಾಗಿವೆ.

ಈ ಪದ್ಧತಿಯಲ್ಲಿ ಒಂದು ಸೂಕ್ಷ್ಮದೋಷವಿದೆ. ಬೆಳಗಿನ ಬಿಂದುವಿಗೂ ಸಂಜೆಯ ಬಿಂದುವಿಗೂ ನಡುವೆ ಕೆಲವು ಗಂಟೆಗಳು ಕಳೆಯುತ್ತವೆ. ಆ ಕಾಲದಲ್ಲಿ ಸೂರ್ಯನ ಕ್ರಾಂತಿಯು ಬದಲಾಗುತ್ತದೆ. ಅಯನಾಂತದಲ್ಲಿ ಈ ಬದಲಾವಣೆ ಇಲ್ಲವೆಂದೇ ಹೇಳಬಹುದು. ವಿಷುವದ ಸಮೀಪದಲ್ಲಿ ಗಂಟೆಗೆ ಒಂದು ಕಲೆಯಷ್ಟಾಗುತ್ತದೆ. ಭಾರತೀಯ ಜ್ಯೋತಿಷಿಗಳು ಇದನ್ನು ಗಮನಿಸದೆ ಬಿಡಲಿಲ್ಲ. ೧೧೫೦ರಲ್ಲಿ ರಚಿತವಾದ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರಾಚಾರ್ಯನು ಇದಕ್ಕೆ ತಿದ್ದುಪಡಿಯನ್ನು ಕೊಟ್ಟಿದ್ದಾನೆ. ಎರಡು ಕಾಲಗಳ ಕ್ರಾಂತಿಜ್ಯೆಗಳ ಅಂತರವನ್ನು ಛಾಯಾಕರ್ಣದಿಂದ ಗುಣಿಸಿ ಲಂಬಜ್ಯೆಯಿಂದ ಭಾಗಿಸಿದರೆ ಬರುವ ಅಂಗುಲಗಳಷ್ಟು ಒಂದು ಬಿಂದುವನ್ನು ಸರಿಸಬೇಕೆಂಬುದು ಅದರ ಸಾರ. ಇಂದಿನ ಗೋಲಗಣಿತದಿಂದ ಪರೀಕ್ಷಿಸಿದರೂ ಈ ಸೂತ್ರವು ಸಂಪೂರ್ಣವಾಗಿ ಸರಿಯೆಂದು ಕಂಡುಬರುತ್ತದೆ.

ಈ ತಿದ್ದುಪಡಿಯ ಪ್ರಮಾಣವನ್ನು ಲೆಕ್ಕಮಾಡಿ ನೋಡುವುದು ಉಚಿತ. ಬೆಂಗಳೂರಿನಲ್ಲಿ ವಿಷುವದಂದು ಮಧ್ಯಾಹ್ನಕ್ಕೆ ಮೂರು ಗಂಟೆ ಮುಂಚೆಯೂ ಮೂರು ಗಂಟೆಯ ತರುವಾಯವೂ ಬಿಂದುಗಳನ್ನು ಗುರುತುಮಾಡಿದರೆ, ನಡುವೆ ಕ್ರಾಂತಿಯು ಸುಮಾರು ೬ ಕಲೆಗಳಷ್ಟು ಬದಲಾಗಿರುತ್ತದೆ. ೧೨ ಅಂಗುಲದ ಶಂಕುವಿಗೆ ಆಗ ಛಾಯಾಕರ್ಣವು ೧೭ ಅಂಗುಲಗಳಿಗೆ ಸ್ವಲ್ಪ ಮೇಲೆ. ಭಾಸ್ಕರನ ಸೂತ್ರದಿಂದ ಬರುವ ತಿದ್ದುಪಡಿ ಒಂದು ಅಂಗುಲದ ನೂರರಲ್ಲಿ ಮೂರು ಪಾಲು. ಇದನ್ನು ಮಾಡದೆ ಬಿಟ್ಟರೆ ರೇಖೆಯು ನಾಲ್ಕು ಕಲೆಗಳಿಗಿಂತ ತುಸು ಹೆಚ್ಚಾಗಿ ಓರೆಯಾಗುವುದು. ೧೦೦೦ ಅಡಿಗಳ ದೂರದಲ್ಲಿ ಇದು ಸುಮಾರು ಒಂದೂಕಾಲು ಅಡಿಯಷ್ಟಾಗುತ್ತದೆ. ಆದರೆ ಸೂರ್ಯಬಿಂಬವು ಅರ್ಧ ಅಂಶದಷ್ಟು ಅಗಲವಾದುದರಿಂದ ನೆರಳಿನ ತುದಿಯು ಗೆರೆಯಂತೆ ಖಚಿತವಾಗಿರದೆ, ಅಂಗುಲದ ಐದರಲ್ಲೊಂದು ಪಾಲಿನಷ್ಟು ಮಸುಕಾಗಿರುತ್ತದೆ. ಎಂದರೆ, ತಿದ್ದುಪಡಿಯು ಮಸುಕಿನ ಏಳರಲ್ಲೊಂದು ಪಾಲಿಗಿಂತಲೂ ಕಡಿಮೆಯದು. ಬೆಳಗ್ಗೆಯೂ ಸಂಜೆಯೂ ಒಬ್ಬನೇ ಒಂದೇ ರೀತಿಯಲ್ಲಿ ತುದಿಯನ್ನು ನಿಶ್ಚಯಿಸಿದರೆ ಮಸುಕಿನ ದೋಷವು ಬಹುಮಟ್ಟಿಗೆ ಎರಡು ಕಡೆಯೂ ಸಮನಾಗಿ ಕಳೆದುಹೋಗುವುದು ನಿಜ. ಹಾಗಿದ್ದರೂ ಭಾಸ್ಕರನ ಗಣಿತವು ಅವನ ಕಾಲದ ಉಪಕರಣದ ಸಾಮರ್ಥ್ಯವನ್ನು ಮೀರಿ ಮುಂದೆ ಹೋಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಕಣ್ಣಿಗೆ ಕಾಣದ ದೋಷವನ್ನು ಬುದ್ಧಿಯಿಂದ ಕಂಡು, ಅದಕ್ಕೆ ಪರಿಹಾರ ಹೇಳಿದುದು ಶಾಸ್ತ್ರನಿಷ್ಠೆಯ ಲಕ್ಷಣ.

ನಕ್ಷತ್ರಗಳಿಂದ ದಿಕ್ಕನ್ನು ತಿಳಿಯುವ ಪದ್ಧತಿಯೂ ಪುರಾತನವಾದುದೇ. ಕೃತ್ತಿಕೆಗಳು ಪೂರ್ವದಿಕ್ಕಿನಿಂದ ಕದಲುವುದಿಲ್ಲವೆಂಬ ಶತಪಥಬ್ರಾಹ್ಮಣದ ಹೇಳಿಕೆಯು ಸುಪ್ರಸಿದ್ಧವಾಗಿದೆ. ಶಂಕರ ಬಾಲಕೃಷ್ಣ ದೀಕ್ಷಿತರು ಅದರ ಆಧಾರದ ಮೇಲೆ ಆ ಗ್ರಂಥದ ಕಾಲವನ್ನು ನಿರ್ಣಯಿಸಲು ಯತ್ನಿಸಿದುದೂ, ಇತರ ವಿದ್ವಾಂಸರು ಅದನ್ನು ಒಪ್ಪದೆ ಬೇರೆ ಅರ್ಥ ಹೇಳಿದುದೂ ಓದುಗರಿಗೆ ತಿಳಿದಿರಬಹುದು. ಅಯನಚಲನದ ಕಾರಣದಿಂದ ಇಂದು ಕೃತ್ತಿಕೆಗಳು ಪೂರ್ವಕ್ಕೆ ಬಹಳ ಬಡಗಲಾಗಿ ಹುಟ್ಟುತ್ತವೆ. ನಕ್ಷತ್ರವು ತೋರಿಸುವ ದಿಕ್ಕು ಒಂದು ಯುಗಕ್ಕೆ ಮಾತ್ರ ಪ್ರಮಾಣ. ನೆರಳು ತೋರಿಸುವ ದಿಕ್ಕು ಎಲ್ಲ ಯುಗಗಳಿಗೂ ಪ್ರಮಾಣ.

೩. ಸೂಜಿಗಲ್ಲಿನ ಓರೆ

ಕಾಂತಶಕ್ತಿಯ ಮುಳ್ಳು ಉತ್ತರಕ್ಕೆ ತಿರುಗುವುದೆಂಬ ವಿಷಯವು ಚೀನ ದೇಶದವರಿಗೆ ಬಹು ಹಿಂದೆಯೇ ತಿಳಿದಿತ್ತು. ಅದು ನೇರವಾಗಿ ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲುವುದೆಂಬುದನ್ನು ಕ್ರಿ. ಶ. ಹನ್ನೊಂದನೆಯ ಶತಮಾನದ ಕೊನೆಯ ಭಾಗದಲ್ಲಿ ಷೆನ್ ಕುವೊ ಎಂಬ ಚೀನೀ ವಿದ್ವಾಂಸನು ಬರೆದಿಟ್ಟಿದ್ದಾನೆ. ಈ ಓರೆಯು ಸ್ಥಿರವಾದುದಾಗಿದ್ದರೆ ಒಮ್ಮೆ ಅಳೆದು ಕಳೆದುಬಿಡಬಹುದಾಗಿತ್ತು. ೧೫೮೦ರಲ್ಲಿ ಲಂಡನ್ನಿನ ಬಳಿ ಮುಳ್ಳು ಪೂರ್ವಕ್ಕೆ ೧೧ ಅಂಶಗಳಿಗಿಂತ ಸ್ವಲ್ಪ ಹೆಚ್ಚಾಗಿ ಓರೆಯಾಗಿದ್ದಿತು. ೧೬೩೪ರಲ್ಲಿ ಗೆಲಿಬ್ರಾಂಡನು ಅಳೆದಾಗ ಅದು ಸುಮಾರು ೪ ಅಂಶಗಳಿಗೆ ಇಳಿದಿತ್ತು. ಆ ಶತಮಾನದಲ್ಲಿಯೇ ಸೊನ್ನೆಯನ್ನು ದಾಟಿ ಪಶ್ಚಿಮಕ್ಕೆ ತಿರುಗಿ, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ೨೪ ಅಂಶಗಳವರೆಗೂ ಹೋಯಿತು. ಇದಲ್ಲದೆ ಒಂದೇ ದಿನದಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಕೆಲವು ಕಲೆಗಳ ವ್ಯತ್ಯಾಸವಾಗುವುದನ್ನು ಲಂಡನ್ನಿನ ಗಡಿಯಾರದ ಕುಶಲಿ ಜಾರ್ಜ್ ಗ್ರಹಾಮನು ೧೭೨೦ರ ದಶಕದಲ್ಲಿ ತೋರಿಸಿದನು.

ದಕ್ಷಿಣಭಾರತದಲ್ಲಿ ಈ ಓರೆಯು ಕೆಲವೇ ಅಂಶಗಳಷ್ಟಿರುವುದರಿಂದ ಮುಳ್ಳು ಇಲ್ಲಿ ಯೂರೋಪಿನಲ್ಲಿಗಿಂತ ನಂಬತಕ್ಕದ್ದೆಂದು ತೋರಬಹುದು. ಆದರೆ ಎರಡು ಅಂಶಗಳ ತಪ್ಪು ಒಂದು ಮೈಲಿಯ ದೂರದಲ್ಲಿ ೧೮೪ ಅಡಿಗಳಷ್ಟಾಗುತ್ತದೆ. ಮೇಲಾಗಿ ಕರ್ಣಾಟಕದ ನೆಲವು ಮುಳ್ಳಿಗೆ ಅನುಕೂಲವಾದುದಲ್ಲ. ಬಾಬಾಬುಡನ್ ಬೆಟ್ಟಗಳಲ್ಲಿಯೂ ಕುದುರೆಮುಖದಲ್ಲಿಯೂ ಸೂಜಿಗಲ್ಲಿನ ಜಾತಿಯ ಕಬ್ಬಿಣದ ಅದಿರೇ ಹೇರಳವಾಗಿದೆ. ಅಂತಹ ಸ್ಥಳಗಳಲ್ಲಿ ಹತ್ತು ಮಾರು ದೂರ ಸರಿದರೆ ಮುಳ್ಳು ಬೇರೊಂದು ಉತ್ತರವನ್ನು ತೋರಿಸಬಹುದು. ಅಳತೆಗಾರನ ಕಬ್ಬಿಣದ ಸರಪಣಿಯೇ ಸಮೀಪದಲ್ಲಿದ್ದರೂ ಮುಳ್ಳು ಕದಲುತ್ತದೆ. ಆದುದರಿಂದ ಮುಳ್ಳು ದಾರಿಹೋಕನಿಗೆ ಸಂಗಾತಿಯಾಗಬಹುದೇ ಹೊರತು ಮೋಜಣಿಗೆ ಅಧಿಕಾರಿಯಾಗಲಾರದು. ನೆಲದ ಮೇಲಿನ ಈ ವಸ್ತುವಿಗಿಂತ ಕಾತ್ಯಾಯನನ ಗೂಟವೂ ಹಗ್ಗವೂ ಹೆಚ್ಚು ವಿಶ್ವಾಸಾರ್ಹವೆಂಬುದು ವಿಚಿತ್ರವಾದರೂ ಸತ್ಯ.

೪. ಮೈಸೂರು ಸೀಮೆಯಲ್ಲಿ ಲ್ಯಾಂಬ್ಟನ್

೧೭೯೯ರ ಏಪ್ರಿಲ್ ೪ನೆಯ ತಾರೀಖಿನ ರಾತ್ರಿ, ಶ್ರೀರಂಗಪಟ್ಟಣದ ಬಳಿ, ಸೇನಾಪತಿ ಬೇರ್ಡನು ಟೀಪು ಸುಲ್ತಾನನ ಮುಂಗಾವಲಿನವರು ಇದ್ದಾರೆಂಬ ಶಂಕೆಯಿಂದ ಒಂದು ತೋಪನ್ನು ಶೋಧಿಸಲು ಹೊರಟನು. ತೋಪಿನಲ್ಲಿ ಯಾರೂ ಕಾಣಲಿಲ್ಲ. ಹಿಂದಿರುಗುವಾಗ ತಮ್ಮ ಪಾಳೆಯದ ಕಡೆಗೆ ಹೋಗುತ್ತಿರುವೆವೆಂದು ಅವನು ಭಾವಿಸಿದ್ದನು. ಅವನೊಡನಿದ್ದ ವಿಲಿಯಂ ಲ್ಯಾಂಬ್ಟನನು ಆಕಾಶವನ್ನು ನೋಡಿ, ಸಪ್ತರ್ಷಿಮಂಡಲವು ಯಾಮ್ಯೋತ್ತರರೇಖೆಯ ಸಮೀಪದಲ್ಲಿರುವುದನ್ನು ಕಂಡು, ಪಡೆಯು ತೆಂಕಲಿಗೆ ಹೋಗುವುದರ ಬದಲು ಬಡಗಲಿಗೆ, ಟೀಪುವಿನ ಸೈನ್ಯದ ಮೇಲೆಯೇ ಹೋಗುತ್ತಿದೆಯೆಂದು ಎಚ್ಚರಿಸಿದನು. ನಕ್ಷತ್ರಗಳನ್ನು ಕೇಳದೆಯೇ ತನಗೆ ದಾರಿ ತಿಳಿದಿದೆಯೆಂದು ಬೇರ್ಡನು ಉತ್ತರಕೊಟ್ಟನು. ಸ್ವಲ್ಪ ಹೊತ್ತಿನಲ್ಲಿಯೇ ಶತ್ರುಗಳ ಕಾವಲುಪಡೆಯು ಎದುರಾಯಿತು. ಆಗ ದೀಪವನ್ನು ಹೊತ್ತಿಸಿ ದಿಕ್ಸೂಚಿಯನ್ನು ನೋಡಲು, ನಕ್ಷತ್ರಗಳೇ ಸರಿಯೆಂದು ಗೊತ್ತಾಯಿತು. ಈ ಕಥೆಯನ್ನು ಲ್ಯಾಂಬ್ಟನನ ಪರಿಚಿತರು ಬರೆದಿಟ್ಟಿದ್ದಾರೆ. ಶ್ರೀರಂಗಪಟ್ಟಣದ ಅಕ್ಷಾಂಶದಲ್ಲಿ ಧ್ರುವನಕ್ಷತ್ರವು ದಿಗಂತದಿಂದ ೧೨ ಅಂಶಗಳಷ್ಟೇ ಮೇಲಿದ್ದು, ಮರಗಳ ಮರೆಗೆ ಸುಲಭವಾಗಿ ಸೇರಿಹೋಗುವುದೆಂಬುದನ್ನು ನೆನೆದರೆ, ಅವನು ಎತ್ತರದಲ್ಲಿದ್ದ ಸಪ್ತರ್ಷಿಗಳನ್ನು ಆಶ್ರಯಿಸಿದುದರ ಔಚಿತ್ಯವು ಮನದಟ್ಟಾಗುತ್ತದೆ.

ಯುದ್ಧವು ಮುಗಿದ ಮೇಲೆ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನು ಕೈಕೊಂಡನು. ಆ ಸಂದರ್ಭದಲ್ಲಿ ಅವನೂ ಕಾವಲಿ ಸಹೋದರರೂ ಕೂಡಿಹಾಕಿದ ಶಾಸನಗಳೂ ಕೈಫಿಯತ್ತುಗಳೂ ಕರ್ಣಾಟಕದ ಚರಿತ್ರೆಗೆ ಆಕರಗಳಾದುವು. ಅದೇ ಕಾಲದಲ್ಲಿ ಲ್ಯಾಂಬ್ಟನನು ಬೇರೊಂದು ಉದ್ದೇಶದಿಂದ ಕೆಲಸವನ್ನು ಆರಂಭಿಸಿದನು. ಪರ್ಯಾಯದ್ವೀಪದ ಒಂದು ಕರೆಯಿಂದ ಇನ್ನೊಂದಕ್ಕೆ ತ್ರಿಕೋನಗಳ ಸರಣಿಯನ್ನು ಹಬ್ಬಿಸಿ, ಸ್ಥಳಗಳ ಸ್ಥಾನವನ್ನು ಭೂಗೋಲದ ಮೇಲೆಯೇ ನಿಶ್ಚಯಿಸಬೇಕೆಂಬುದು ಅವನ ಸಂಕಲ್ಪ. ೧೮೦೦ನೆಯ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೆಂಗಳೂರಿನ ಸಮೀಪದಲ್ಲಿ, ನೂರಡಿಯ ಉಕ್ಕಿನ ಸರಪಣಿಯಿಂದ, ಏಳು ಮೈಲಿಗಳಿಗೆ ಮೀರಿದ ಆಧಾರರೇಖೆಯು ಅಳೆಯಲ್ಪಟ್ಟಿತು. ೧೮೦೨ರಲ್ಲಿ ಮದರಾಸಿನ ಬಳಿ ಇನ್ನೊಂದು ರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಪಶ್ಚಿಮಕ್ಕೆ ನಡೆಯಿಸಲಾಯಿತು. ೧೮೦೪ರಲ್ಲಿ ಬೆಂಗಳೂರಿನಲ್ಲಿ ಅವನ ಸಹಾಯಕನಾದ ವಾರನ್ನನು ಮತ್ತೆ ಅಳೆದ ರೇಖೆಗೂ, ಮದರಾಸಿನಿಂದ ಗಣಿತದ ಮೂಲಕ ಬಂದ ಉದ್ದಕ್ಕೂ ನಾಲ್ಕು ಅಂಗುಲಗಳಿಗಿಂತ ಕಡಿಮೆ ವ್ಯತ್ಯಾಸವಿತ್ತು.

ಉದ್ದವು ಎಷ್ಟು ಖಚಿತವಾಗಿದ್ದರೂ ದಿಕ್ಕು ತಪ್ಪಿದರೆ ಸರಣಿಯೆಲ್ಲವೂ ಒಂದು ಕಡೆಗೆ ತಿರುಗಿಬಿಡುತ್ತದೆ. ಒಂದು ಕಲೆಯ ತಪ್ಪು ನೂರು ಮೈಲಿಗಳಲ್ಲಿ ೧೫೦ ಅಡಿಗಳಿಗೆ ಮೀರುವುದು. ಇದಕ್ಕೆ ಸೂಜಿಯನ್ನು ನಂಬುವಂತಿಲ್ಲ. ಧ್ರುವನಕ್ಷತ್ರವನ್ನು ಥಿಯೊಡೊಲೈಟಿನಿಂದ ನೋಡಬೇಕಾಯಿತು. ಧ್ರುವನೂ ನಿಶ್ಚಲನಲ್ಲ. ೧೮೦೦ರ ಸುಮಾರಿನಲ್ಲಿ ಅದು ನಿಜವಾದ ಧ್ರುವಬಿಂದುವಿನಿಂದ ಒಂದೂಮುಕ್ಕಾಲು ಅಂಶದಷ್ಟು ದೂರದಲ್ಲಿದ್ದು, ಪ್ರತಿದಿನವೂ ಒಂದು ಚಿಕ್ಕ ವೃತ್ತವನ್ನು ಸುತ್ತುತ್ತಿತ್ತು. ಆದುದರಿಂದ ಅದು ತನ್ನ ವೃತ್ತದಲ್ಲಿ ಪೂರ್ವಕ್ಕೋ ಪಶ್ಚಿಮಕ್ಕೋ ಅತ್ಯಂತ ದೂರ ಸರಿದಿರುವ ಕಾಲವನ್ನು ಆರಿಸಿಕೊಳ್ಳುತ್ತಿದ್ದರು. ಆಗ ನಕ್ಷತ್ರವು ಕೆಲವು ನಿಮಿಷಗಳ ಕಾಲ ನೇರವಾಗಿ ಮೇಲಕ್ಕೋ ಕೆಳಕ್ಕೋ ಚಲಿಸುವುದರಿಂದ, ಗಡಿಯಾರದಲ್ಲಿ ತಪ್ಪಿದ್ದರೂ ದಿಕ್ಕಿನಲ್ಲಿ ತಪ್ಪು ಬರುವುದಿಲ್ಲ. ನಕ್ಷತ್ರಕ್ಕೂ ದೂರದಲ್ಲಿಟ್ಟ ದೀಪಕ್ಕೂ ನಡುವಣ ಕೋನವನ್ನು ಅಳೆದು, ಧ್ರುವಾಂತರದ ಜ್ಯೆಯನ್ನು ಲಂಬಜ್ಯೆಯಿಂದ ಭಾಗಿಸಿ ಬಂದ ಸರಿಕೆಯನ್ನು ಕಳೆದರೆ ಅಥವಾ ಕೂಡಿಸಿದರೆ ನಿಜವಾದ ಉತ್ತರ ಸಿದ್ಧಿಸುತ್ತದೆ. ಬೆಂಗಳೂರಿನಲ್ಲಿ ಆ ಕಾಲಕ್ಕೆ ಈ ಸರಿಕೆಯು ಸುಮಾರು ೧ ಅಂಶ ೪೮ ಕಲೆ. ಭಾಸ್ಕರನು ನೆರಳಿನ ತಿದ್ದುಪಡಿಯಲ್ಲಿ ಭಾಗಹಾರಕ್ಕೆ ಉಪಯೋಗಿಸಿದ ಲಂಬಜ್ಯೆಯೇ ಇಲ್ಲಿಯೂ ಭಾಗಹಾರಕವಾಗಿರುವುದು ಗಮನಾರ್ಹ.

ಉಪಕರಣವನ್ನು ನಿಲ್ಲಿಸುವುದರಲ್ಲಿಯೂ ಎರಡು ಪದ್ಧತಿಗಳಿಗೆ ಸಾಮ್ಯವುಂಟು. ಸೂರ್ಯಸಿದ್ಧಾಂತವು ನೆಲವನ್ನು ನೀರಿನಿಂದ ಮಟ್ಟಮಾಡಬೇಕೆನ್ನುತ್ತದೆ. ಥಿಯೊಡೊಲೈಟಿನವನು ರಸಮಟ್ಟದ ಗುಳ್ಳೆಯನ್ನು ನಡುವಿಗೆ ತರುತ್ತಾನೆ. ಯಂತ್ರವು ಪಕ್ಕಕ್ಕೆ ವಾಲಿದ್ದರೆ ದಿಕ್ಕಿನಲ್ಲಿ ಬರುವ ತಪ್ಪು ನಕ್ಷತ್ರದ ಎತ್ತರಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ದಕ್ಷಿಣದೇಶದಲ್ಲಿ ಧ್ರುವನು ತಗ್ಗಿನಲ್ಲಿರುವುದರಿಂದ ದಿಗಂತದ ಮಂಜು ಅವನನ್ನು ಮರೆಮಾಡುವುದೊಂದು ಅನಾನುಕೂಲವಾದರೆ, ವಾಲಿಕೆಯ ದೋಷವು ಕಾಲುಭಾಗಕ್ಕೂ ಕಡಿಮೆಯಾಗುವುದೊಂದು ಅನುಕೂಲ.

೧೮೦೮ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಲ್ಯಾಂಬ್ಟನನ ಮೂರಡಿಯ ವೃತ್ತದ ಮಹಾಥಿಯೊಡೊಲೈಟನ್ನು ಏರಿಸುವಾಗ ಹಗ್ಗ ಹರಿದು, ಯಂತ್ರವು ಗೋಡೆಗೆ ಬಡಿದು ಅದರ ವೃತ್ತವು ಸೊಟ್ಟಗಾಯಿತು. ಅವನು ತಿರುಚಿನಾಪಳ್ಳಿಯಲ್ಲಿ ಕೆಲವು ವಾರಗಳು ಕುಳಿತು ಅದನ್ನು ತಾನೇ ಸರಿಪಡಿಸಿದನು. ಶಂಕುಸ್ಥಾಪನೆಯನ್ನು ವಿಧಿಸುವ ಶಿಲ್ಪಸಂಪ್ರದಾಯಕ್ಕೆ ಸೇರಿದ ಕಟ್ಟಡವೊಂದು ಹೀಗೆ ಹೊಸ ದಿಕ್ಸಾಧನೆಗೆ ಮೆಟ್ಟಿಲಾಗಲು ಹೊರಟುದು ಸ್ಮರಣೀಯ. ೧೮೧೮ರಲ್ಲಿ ಈ ಕಾರ್ಯಕ್ಕೆ ಮಹಾತ್ರಿಕೋನ ಮೋಜಣಿಯೆಂಬ ಅರ್ಥದ ಹೆಸರು ಬಂದಿತು. ೧೮೨೩ರಲ್ಲಿ ಲ್ಯಾಂಬ್ಟನನು ಹಿಂಗಣಘಾಟಿನಲ್ಲಿ ಮೃತನಾದ ತರುವಾಯ ಎವರೆಸ್ಟನು ಅದನ್ನು ಹಿಮಾಲಯದವರೆಗೆ ಮುಂದುವರಿಸಿದನು.

೫. ಉಪಸಂಹಾರ

ಮೇಲಣ ವಿಚಾರದಿಂದ ಮೂರು ಅಂಶಗಳು ವಿದಿತವಾಗುತ್ತವೆ. ಮೊದಲನೆಯದಾಗಿ, ಪ್ರಾಚೀನರು ಉದಯವನ್ನು ಅಂದಾಜಾಗಿ ನೋಡಿ ದಿಕ್ಕನ್ನು ಹೇಳುತ್ತಿದ್ದರೆಂಬ ಮಾತು ಹೊಲದ ಎಲ್ಲೆಗೆ ಒಪ್ಪಬಹುದಾದರೂ, ವೇದಿ ದೇವಾಲಯಗಳ ವಿಷಯದಲ್ಲಿ ಸಲ್ಲದು. ಅಲ್ಲಿ ಕಲೆಗಳವರೆಗಿನ ಸೂಕ್ಷ್ಮತೆಯು ಶಾಸ್ತ್ರಕ್ಕೆ ವಿದಿತವಾಗಿತ್ತು. ಎರಡನೆಯದಾಗಿ, ಅಂತಹ ಶಾಸ್ತ್ರವಿದ್ದರೂ ಅದನ್ನು ಊರಿನಿಂದ ಊರಿಗೆ ಕೊಂಡೊಯ್ದು ನಾಡಿನ ಪಟಕ್ಕೆ ಆಧಾರವಾಗಿ ಮಾಡಿದುದು ಕಾಣಬರುವುದಿಲ್ಲ. ಇದನ್ನು ಬುದ್ಧಿಯ ಕೊರತೆಯೆನ್ನುವುದಕ್ಕಿಂತ ಪ್ರಯೋಜನದ ಭೇದವೆನ್ನುವುದು ನ್ಯಾಯ. ದಾನಶಾಸನಕ್ಕೆ ಬೇಕಾದುದು ಕದಲದ ಕಲ್ಲು ಮತ್ತು ಊರವರ ಸಾಕ್ಷ್ಯ. ಮಹಾತ್ರಿಕೋನ ಮೋಜಣಿಗೆ ಬೇಕಾದುದು ಸಾಕ್ಷಿಗಳಿಲ್ಲದ ಬೆಟ್ಟದ ತುದಿಯಲ್ಲಿಯೂ ಒಂದೇ ಆಗಿರುವ ಉತ್ತರ. ಮೂರನೆಯದಾಗಿ, ಹೊಸ ಪದ್ಧತಿಯು ಹಳೆಯದಕ್ಕೆ ವಿರುದ್ಧವಾದುದಲ್ಲ. ಎರಡೂ ಆಕಾಶವನ್ನೇ ಪ್ರಮಾಣವಾಗಿ ಇಟ್ಟುಕೊಂಡವು. ಹಳೆಯದು ಸೂರ್ಯನಿಂದ ಪೂರ್ವವನ್ನು ಮೊದಲು ಸಾಧಿಸಿ ಅದರಿಂದ ಉತ್ತರವನ್ನು ಪಡೆಯಿತು. ಹೊಸದು ನಕ್ಷತ್ರದಿಂದ ಉತ್ತರವನ್ನು ನೇರವಾಗಿ ಪಡೆಯಿತು.

ಇಂದು ಕೃತಕ ಉಪಗ್ರಹಗಳ ಸಂಕೇತಗಳಿಂದ ಎರಡು ಸ್ಥಳಗಳ ಸ್ಥಾನವನ್ನು ತಿಳಿದು, ಅವುಗಳ ನಡುವಣ ದಿಕ್ಕನ್ನು ಗಣಿತದಿಂದ ಪಡೆಯುತ್ತಾರೆ. ಭೂಮಿಯ ಆವರ್ತನೆಯನ್ನೇ ಅನುಸರಿಸಿ ಉತ್ತರಕ್ಕೆ ನಿಲ್ಲುವ ಭ್ರಮಣಯಂತ್ರಗಳನ್ನು ಗಣಿಗಳೊಳಗೆ ಉಪಯೋಗಿಸುತ್ತಾರೆ. ೨೦೦೦ದ ಸುಮಾರಿಗೆ ಧ್ರುವನಕ್ಷತ್ರವು ಧ್ರುವಬಿಂದುವಿಗೆ ೪೪ ಕಲೆಗಳಷ್ಟು ಸಮೀಪಕ್ಕೆ ಬಂದಿತ್ತು. ೨೧೦೦ರ ಸುಮಾರಿಗೆ ಇನ್ನೂ ಹತ್ತಿರ ಬಂದು, ಅನಂತರ ದೂರ ಸರಿಯಲು ತೊಡಗುವುದು. ನಕ್ಷತ್ರವು ಸರಿದಂತೆ ಕೋಷ್ಟಕಗಳನ್ನು ತಿದ್ದಬೇಕಾಗುತ್ತದೆ. ಸಮನೆಲದಲ್ಲಿ ನೆಟ್ಟ ಶಂಕುವಿಗೂ ಅದರ ಸುತ್ತ ಎಳೆದ ವೃತ್ತಕ್ಕೂ ಅಂತಹ ತಿದ್ದುಪಾಟು ಬೇಕಾಗಿಲ್ಲ. ಬಿಸಿಲಿರುವ ಯಾವ ದಿನದಲ್ಲಾದರೂ, ಯಾವ ಪಾಠಶಾಲೆಯ ಅಂಗಳದಲ್ಲಾದರೂ ಅದನ್ನು ಪರೀಕ್ಷಿಸಿ ನೋಡಬಹುದು.